ವಾಹನಗಳ ಭಾರೀ ವಿದ್ಯುತ್ ಜೋಡಣೆ: ಫ್ಯೂಸ್ ಮತ್ತು ಫ್ಯೂಸ್ ಹೋಲ್ಡರ್‌ಗಳ ಆಯ್ಕೆ

ನಮ್ಮ ಸದಸ್ಯ ಬಾಂಧವರಲ್ಲಿ ಸ್ವಂತದ ಸರಕು ವಾಹನವಿಲ್ಲದವರು ವಿರಳ. ಹಿಂದೆ ಇಂತಹ ವಾಹನಗಳಲ್ಲಿ ವಿದ್ಯುತ್ತಿನ ಕೆಲಸವೆಂದರೆ ದೀಪ, ಹಾರನ್ ಮತ್ತು ಸ್ಟಾರ್ಟರ್, ಇಷ್ಟೇ ಆಗಿತ್ತು. ಈಗ ಅದೇ ವಾಹನಗಳ ಮೇಲೆ ಇನ್ವರ್ಟರ್, ಸರಕನ್ನು ಎತ್ತಿಳಿಸುವ ಹೈಡ್ರಾಲಿಕ್ ಹಲಗೆ, ಶೀತಲ ಪೆಟ್ಟಿಗೆ, ಸಂಚಾರಿ ಮಳಿಗೆಯ ದೀಪಗಳು ಮುಂತಾದ ಉಪಕರಣಗಳು ಏರಿ ಕುಳಿತಿವೆ. ಇವು ಐದು ಹತ್ತು ಆಂಪಿಯರ್‌ನಲ್ಲಿ ತೃಪ್ತಿಪಡುವ ಗಿರಾಕಿಗಳಲ್ಲ. 60, 100, ಕೆಲವೊಮ್ಮೆ 200 ಆಂಪಿಯರ್ ಎಳೆಯುವಂಥವು. ಆದರೆ ಇವುಗಳ ಜೋಡಣೆ ಮಾತ್ರ ಹಳೆಯ ರೀತಿಯಲ್ಲೇ, ಅರ್ಧ ದಿನದ ಕೆಲಸವಾಗಿ ನಡೆಯುತ್ತಿದೆ. ನನ್ನ ಮೇಜಿಗೆ ಬರುವ ಬಿಲ್ಲುಗಳಲ್ಲಿ ಅದು ‘ವೈರಿಂಗ್ ಮತ್ತು ಫಿಟ್ಟಿಂಗ್ ಖರ್ಚು’ ಎಂಬ ಒಂದೇ ಸಾಲಿನಲ್ಲಿ ಮುಗಿದಿರುತ್ತದೆ. ಯಾವ ತಂತಿ, ಎಷ್ಟು ದಪ್ಪ, ಯಾವ ಫ್ಯೂಸ್ ಎಂಬ ವಿವರ ಅಲ್ಲಿರುವುದಿಲ್ಲ.

ಸನ್ನದು ಲೆಕ್ಕಪರಿಶೋಧಕನಿಗೆ ಫ್ಯೂಸಿನ ಗೊಡವೆ ಏಕೆಂದು ಓದುಗರು ಕೇಳಬಹುದು. ವಾಹನಕ್ಕೆ ಬೆಂಕಿ ತಗುಲಿದ ಮೇಲೆ ವಿಮಾ ಸರ್ವೇಯರರ ವರದಿಯೂ ಹಾನಿಯ ಲೆಕ್ಕವೂ ಕೊನೆಗೆ ಬಂದು ಸೇರುವುದು ನಮ್ಮ ಕಚೇರಿಗೇ. ಅಂತಹ ಕಡತಗಳನ್ನು ಓದುತ್ತ ಓದುತ್ತ, ವಾಣಿಜ್ಯ ಪದವೀಧರನಾದ ನಾನು ಓಮನ ನಿಯಮವನ್ನು ಮತ್ತೆ ಕಲಿಯಬೇಕಾಯಿತು. ಇದರಲ್ಲಿರುವುದು ಗುಣಾಕಾರ, ಭಾಗಾಕಾರಗಳೇ. ಎಲೆಕ್ಟ್ರಿಷಿಯನ್ನರ ಕೆಲಸವನ್ನು ನಾವು ಮಾಡಬೇಕಾಗಿಲ್ಲ. ಅವರನ್ನು ಸರಿಯಾದ ನಾಲ್ಕು ಪ್ರಶ್ನೆ ಕೇಳುವಷ್ಟು ತಿಳಿವಳಿಕೆ ಮಾಲೀಕರಿಗೆ ಇರಬೇಕು.

ಫ್ಯೂಸ್ ಕಾಯುವುದು ಯಾರನ್ನು?

‘ಇನ್ವರ್ಟರ್ ಹಾಳಾಗದಿರಲೆಂದು ಫ್ಯೂಸ್ ಹಾಕಿಸಿದ್ದೇನೆ’ ಎನ್ನುವವರು ಬಹಳ. ಇದು ಮೂಲದಲ್ಲೇ ತಪ್ಪಾದ ಗ್ರಹಿಕೆ. ಬ್ಯಾಟರಿಯ ಬಳಿ ಕೂರಿಸುವ ಮುಖ್ಯ ಫ್ಯೂಸ್ ಕಾಯುವುದು ತಂತಿಯನ್ನು. ಉಪಕರಣದ ರಕ್ಷಣೆಯನ್ನು ಉಪಕರಣದೊಳಗಿರುವ ವ್ಯವಸ್ಥೆಯೇ ನೋಡಿಕೊಳ್ಳತಕ್ಕದ್ದು. ತಂತಿ ತಾಳಬಲ್ಲುದಕ್ಕಿಂತ ಹೆಚ್ಚಿನ ಪ್ರವಾಹ ಹರಿದಾಗ, ತಂತಿಯ ಹೊದಿಕೆ ಕರಗುವ ಮುನ್ನವೇ ಫ್ಯೂಸ್ ಕರಗಿ ಸಂಪರ್ಕ ಕಡಿಯಬೇಕು. ಅದರ ಕರ್ತವ್ಯ ಇಷ್ಟೇ.

ವರ್ತಕರಿಗೆ ಇದನ್ನು ಬ್ಯಾಂಕಿನ ಮಾತಿನಲ್ಲಿ ಹೇಳುವುದು ಸುಲಭ. ಓವರ್‌ಡ್ರಾಫ್ಟ್ ಖಾತೆಯಲ್ಲಿ ಡ್ರಾಯಿಂಗ್ ಪವರ್ ನಿಗದಿಯಾಗುವುದು ನಮ್ಮ ಅಗತ್ಯದ ಮೇಲಲ್ಲ, ಒತ್ತೆಯಿಟ್ಟ ದಾಸ್ತಾನಿನ ಮೇಲೆ. ಅಗತ್ಯ ಹೆಚ್ಚಾದರೆ ದಾಸ್ತಾನು ಹೆಚ್ಚಬೇಕು. ಮಿತಿಯನ್ನು ಸುಮ್ಮನೆ ಏರಿಸಿದರೆ ಅದು ಅಪಾಯಕ್ಕೆ ಆಹ್ವಾನ. ಇಲ್ಲಿ ತಂತಿಯೇ ದಾಸ್ತಾನು, ಫ್ಯೂಸೇ ಮಿತಿ. ಪದೇ ಪದೇ ಫ್ಯೂಸ್ ಹೋಗುತ್ತಿದೆಯೆಂದು 100ರ ಜಾಗದಲ್ಲಿ 150 ಹಾಕಿಸುವವರು ದಾಸ್ತಾನು ನೋಡದೆ ಮಿತಿ ಏರಿಸಿದಂತೆಯೇ ಸರಿ. ಸಿಗರೇಟಿನ ಬೆಳ್ಳಿ ಕಾಗದವನ್ನೋ ತಾಮ್ರದ ಎಳೆಯನ್ನೋ ಸುತ್ತಿ ‘ಊರು ತಲುಪಿದರೆ ಸಾಕು’ ಎನ್ನುವ ಚಾಲಕರಂತೂ ಖಾತೆಗೆ ಮಿತಿಯೇ ಇಲ್ಲದಂತೆ ಮಾಡಿಬಿಡುತ್ತಾರೆ.

ಇನ್ನೊಂದು ತಪ್ಪು ಕಲ್ಪನೆಯೂ ಉಂಟು. 30 ಆಂಪಿಯರ್ ಫ್ಯೂಸ್ 31 ಆಂಪಿಯರ್ ಆದೊಡನೆ ಕರಗುವುದೆಂದು ಅನೇಕರು ತಿಳಿದಿದ್ದಾರೆ. ಹಾಗಿಲ್ಲ. ಸಾಮಾನ್ಯ ಬ್ಲೇಡ್ ಫ್ಯೂಸ್ ತನ್ನ ಅಂಕಿತ ಮೌಲ್ಯದ ಶೇ. 110ರಷ್ಟು ಪ್ರವಾಹವನ್ನು ಕನಿಷ್ಠ 100 ಗಂಟೆ ತಾಳಬೇಕೆಂಬುದೇ ಅದರ ಮಾನದಂಡ. ಭಾರೀ ಪ್ರವಾಹದ ಬೋಲ್ಟ್ ಫ್ಯೂಸ್‌ಗಳು ಇನ್ನೂ ನಿಧಾನ, ಶೇ. 135ರಷ್ಟಾದರೂ ನಿಮಿಷಗಟ್ಟಲೆ ನಿಲ್ಲಬಲ್ಲವು. ಮೋಟಾರ್ ಆರಂಭದ ಎಳೆತಕ್ಕೂ ಇನ್ವರ್ಟರ್ ಚಾಲೂ ಮಾಡಿದಾಗಿನ ಕ್ಷಣಿಕ ಪ್ರವಾಹಕ್ಕೂ ಅವು ಕರಗಬಾರದೆಂದೇ ಹಾಗೆ ರಚಿಸಿರುತ್ತಾರೆ. ಆದುದರಿಂದ ತಂತಿಯ ಸಾಮರ್ಥ್ಯ ಫ್ಯೂಸಿನ ಅಂಕಿತ ಮೌಲ್ಯಕ್ಕಿಂತ ಸ್ವಲ್ಪವಾದರೂ ಮೇಲಿರಬೇಕು.

ಒಂದು ಲೆಕ್ಕ

12 ವೋಲ್ಟ್ ಬ್ಯಾಟರಿಯ ಮಿನಿ ಟ್ರಕ್ಕೊಂದಕ್ಕೆ 1,500 ವ್ಯಾಟ್ ಇನ್ವರ್ಟರ್ ಅಳವಡಿಸಬೇಕೆಂದು ಭಾವಿಸೋಣ. 1,500ನ್ನು 12ರಿಂದ ಭಾಗಿಸಿ ‘125 ಆಂಪಿಯರ್’ ಎಂದು ಹೇಳಿ ಮುಗಿಸುವುದು ರೂಢಿ. ಇದರಲ್ಲಿ ಎರಡು ಅಂಶಗಳು ಬಿಟ್ಟುಹೋಗಿವೆ. ಮೊದಲನೆಯದು, ಇನ್ವರ್ಟರಿನ ದಕ್ಷತೆ. ಅದು ಶೇ. 85 ಎಂದಿಟ್ಟುಕೊಂಡರೆ 1,500 ವ್ಯಾಟ್ ಹೊರಕೊಡಲು ಸುಮಾರು 1,765 ವ್ಯಾಟ್ ಒಳಗೆಳೆಯುತ್ತದೆ. ಎರಡನೆಯದು, ಹೊರೆ ಬಿದ್ದಾಗ ಬ್ಯಾಟರಿಯ ವೋಲ್ಟೇಜ್ 12ರಲ್ಲಿ ನಿಲ್ಲದೆ 11ರ ಆಸುಪಾಸಿಗೆ ಇಳಿಯುತ್ತದೆ. ವೋಲ್ಟೇಜ್ ಇಳಿದಷ್ಟೂ ಇನ್ವರ್ಟರ್ ಹೆಚ್ಚು ಆಂಪಿಯರ್ ಎಳೆಯುತ್ತದೆ. 1,765ನ್ನು 11ರಿಂದ ಭಾಗಿಸಿದರೆ 160 ಆಂಪಿಯರ್. ರೂಢಿಯ ಲೆಕ್ಕಕ್ಕೂ ನಿಜಸ್ಥಿತಿಗೂ 35 ಆಂಪಿಯರ್‌ನ ಅಂತರ.

ನಿರಂತರ ಹೊರೆಯು ಫ್ಯೂಸಿನ ಮೌಲ್ಯದ ಶೇ. 75-80ನ್ನು ಮೀರಬಾರದೆಂಬುದು ಪ್ರಚಲಿತ ನಿಯಮ. 160ನ್ನು 0.8ರಿಂದ ಭಾಗಿಸಿದರೆ 200. ಅಲ್ಲಿಗೆ ಫ್ಯೂಸ್ 200 ಆಂಪಿಯರ್. ಈಗ ತಂತಿಯ ತಯಾರಕರ ಕೋಷ್ಟಕವನ್ನು ತೆರೆದು, ವಾಹನದೊಳಗಿನ ಉಷ್ಣತೆಯ ಕಡಿತವನ್ನು ಕಳೆದ ಮೇಲೂ 200ಕ್ಕಿಂತ ಹೆಚ್ಚು ತಾಳುವ ತಾಮ್ರದ ಕೇಬಲ್ ಯಾವುದೆಂದು ನೋಡಬೇಕು. ಸಾಮಾನ್ಯ ಪಿವಿಸಿ ಹೊದಿಕೆಯಾದರೆ ಅದು 70 ಚದರ ಮಿಲಿಮೀಟರ್‌ಗೆ ಕಡಿಮೆಯಿರದು, ಬಿಸಿ ಜಾಗವಾದರೆ ಅದಕ್ಕೂ ಮೇಲೆ. ಹೆಚ್ಚಿನ ಶಾಖ ತಾಳುವ ಹೊದಿಕೆಯಿದ್ದರೆ ಒಂದು ಅಳತೆ ಕೆಳಗಿಳಿಯಬಹುದು. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಹೊರಗಾಳಿ, ಅದರ ಮೇಲೆ ಎಂಜಿನ್ನಿನ ಶಾಖ. ಕೋಷ್ಟಕದ 30 ಡಿಗ್ರಿಯ ಅಂಕಣವನ್ನು ನೆಚ್ಚಿಕೊಳ್ಳುವಂತಿಲ್ಲ. ಫ್ಯೂಸಿನ ಅಂಕಿತ ಮೌಲ್ಯವೂ ಸಾಧಾರಣ ಕೋಣೆಯ ಉಷ್ಣತೆಗೆ ಹೇಳಿದ್ದೇ ಆದುದರಿಂದ, ಎಂಜಿನ್ ಪಕ್ಕದಲ್ಲಿ ಕೂರಿಸಿದ ಫ್ಯೂಸ್ ಬೇಗ ಕರಗುತ್ತದೆಂಬುದೂ ನೆನಪಿರಲಿ.

ಹೊರೆ, ಫ್ಯೂಸ್, ತಂತಿ ಈ ಮೂರೂ ಏರುಕ್ರಮದಲ್ಲಿರಬೇಕು: 160, 200, ಅದಕ್ಕೂ ಮೇಲೆ. ಲೆಕ್ಕ ಹೊಂದದಿದ್ದರೆ ಬದಲಿಸಬೇಕಾದದ್ದು ತಂತಿಯನ್ನು, ಇಲ್ಲವೇ ಹೊರೆಯನ್ನು ಕಡಿಮೆ ಮಾಡಬೇಕು.

ಹಣ ಉಳಿಸಲು 70ರ ಬದಲು 16 ಚದರ ಮಿ.ಮೀ. ಕೇಬಲ್ ಹಾಕಿದರೆ ಏನಾಗುವುದೆಂದು ನೋಡಿ. ಬ್ಯಾಟರಿಯಿಂದ ಇನ್ವರ್ಟರಿಗೆ 3 ಮೀಟರ್, ಮರಳಿ 3 ಮೀಟರ್, ಒಟ್ಟು 6 ಮೀಟರ್. 160 ಆಂಪಿಯರ್ ಹರಿದಾಗ ಆ ಕೇಬಲಿನಲ್ಲೇ ಸುಮಾರು 1 ವೋಲ್ಟ್ ನಷ್ಟ. ಅಂದರೆ 160 ವ್ಯಾಟಿಗೂ ಮಿಕ್ಕ ಶಾಖ ತಂತಿಯ ಹೊದಿಕೆಯೊಳಗೇ ಹುಟ್ಟುತ್ತದೆ. 70ರ ಕೇಬಲಿನಲ್ಲಿ ಈ ನಷ್ಟ ಕಾಲು ವೋಲ್ಟ್ ಮಾತ್ರ. 200 ಆಂಪಿಯರ್ ಫ್ಯೂಸಿಗೆ ಇದೊಂದೂ ತಿಳಿಯದು, ಏಕೆಂದರೆ ಅದರ ಮಟ್ಟಿಗೆ ಎಲ್ಲವೂ ಮಿತಿಯೊಳಗೇ ಇದೆ.

ಕವಲು ತಂತಿಗಳ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. 200 ಆಂಪಿಯರ್ ಫ್ಯೂಸಿನ ಆಚೆಯಿಂದಲೇ ಹಿಂಬದಿಯ ದೀಪಕ್ಕೆಂದು 2.5 ಚದರ ಮಿ.ಮೀ.ನ ತಂತಿಯನ್ನು 6 ಮೀಟರ್ ಎಳೆದಿದ್ದಾರೆನ್ನಿ. ಅದರ ತುದಿ ಚಾಸಿಗೆ ತಗುಲಿ ಶಾರ್ಟ್ ಆದರೆ, ತಂತಿಯದೇ ರೋಧದಿಂದಾಗಿ ಪ್ರವಾಹ ಸುಮಾರು 250 ಆಂಪಿಯರ್‌ಗೆ ಸೀಮಿತವಾಗುತ್ತದೆ. 200ರ ಫ್ಯೂಸಿಗೆ ಇದು ಶೇ. 125ರಷ್ಟು, ಅದು ಆರಾಮವಾಗಿ ಕುಳಿತಿರುತ್ತದೆ. ಆ ತಂತಿಯ ಹೊದಿಕೆಗೋ ಒಂದೆರಡು ಸೆಕೆಂಡುಗಳ ಆಯುಷ್ಯ. ಆದ್ದರಿಂದ ತಂತಿ ಎಲ್ಲಿ ತೆಳುವಾಗುತ್ತದೋ ಅಲ್ಲೆಲ್ಲ ಅದಕ್ಕೆ ತಕ್ಕ ಬೇರೆ ಫ್ಯೂಸ್ ಇರಲೇಬೇಕು.

ಬಗೆಗಳು

ವಾಹನದ ಫ್ಯೂಸ್‌ಗಳಿಗೆ ಐಎಸ್‌ಒ 8820 ಎಂಬ ಅಂತರರಾಷ್ಟ್ರೀಯ ಮಾನದಂಡ ಸರಣಿಯಿದೆ. ಅಂಗಡಿಗಳಲ್ಲಿ ಸಿಗುವವುಗಳಲ್ಲಿ ನಮಗೆ ಚಿರಪರಿಚಿತವಾದದ್ದು ಬಣ್ಣಬಣ್ಣದ ಬ್ಲೇಡ್ ಫ್ಯೂಸ್: 10 ಆಂಪಿಯರ್‌ಗೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ, 30ಕ್ಕೆ ಹಸಿರು, 40ಕ್ಕೆ ಕಿತ್ತಳೆ. ಇದರ ವ್ಯಾಪ್ತಿ ಸಾಮಾನ್ಯವಾಗಿ 40 ಆಂಪಿಯರ್‌ವರೆಗೆ. ಇದರ ದೊಡ್ಡಣ್ಣನಾದ ಮ್ಯಾಕ್ಸಿ 20ರಿಂದ 80ರವರೆಗೆ ಬರುತ್ತದೆ. ಇಲ್ಲೊಂದು ಎಚ್ಚರಿಕೆ: ಎರಡರ ಬಣ್ಣದ ಸಂಕೇತ ಒಂದೇ ಅಲ್ಲ. ಮ್ಯಾಕ್ಸಿಯಲ್ಲಿ ಕೆಂಪು ಎಂದರೆ 50, ನೀಲಿ ಎಂದರೆ 60. ಬಣ್ಣ ಹೇಳಿ ತರಿಸುವ ಅಭ್ಯಾಸ ಬಿಟ್ಟು ಅಂಕಿ ಬರೆದುಕೊಡಬೇಕು. ಬ್ಲೇಡ್ ಮಾದರಿಗಳು ಸ್ಪ್ರಿಂಗಿನ ಬಿಗಿತದ ಮೇಲೆ ನಿಂತಿರುವುದರಿಂದ, 60 ಆಂಪಿಯರ್‌ಗಿಂತ ಹೆಚ್ಚಿನ ನಿರಂತರ ಹೊರೆಗೆ ಅವನ್ನು ನೆಚ್ಚದಿರುವುದು ಲೇಸೆಂಬುದು ನನ್ನ ಅಭಿಪ್ರಾಯ.

ಅದರಿಂದ ಮೇಲಕ್ಕೆ ಬೋಲ್ಟ್ ಹಾಕಿ ಬಿಗಿಯುವ ಪಟ್ಟಿ ಫ್ಯೂಸ್‌ಗಳು. ಮಿಡಿ ಎಂಬುದರ ರಂಧ್ರಗಳ ಅಂತರ 30 ಮಿ.ಮೀ., ಬೋಲ್ಟ್ ಎಂ5, ವ್ಯಾಪ್ತಿ 200 ಆಂಪಿಯರ್‌ವರೆಗೆ. ಮೆಗಾ ಎಂಬುದರ ಅಂತರ 51 ಮಿ.ಮೀ., ಬೋಲ್ಟ್ ಎಂ8, ವ್ಯಾಪ್ತಿ 500ರವರೆಗೆ. ನಮ್ಮ ಉದಾಹರಣೆಯ 200 ಆಂಪಿಯರ್‌ಗೆ ಮಿಡಿಯ ಕೊನೆಯ ಮೆಟ್ಟಿಲಿಗಿಂತ ಮೆಗಾದ ನಡುಮೆಟ್ಟಿಲು ಸೂಕ್ತ. ಬ್ಯಾಟರಿಯ ಕಂಬದ ಮೇಲೆಯೇ ಕೂರುವ ಚೌಕಾಕಾರದ ಟರ್ಮಿನಲ್ ಫ್ಯೂಸ್‌ಗಳೂ ಇವೆ; ಇವು 30ರಿಂದ 300 ಆಂಪಿಯರ್‌ವರೆಗೆ ಸಿಗುತ್ತವೆ.

ಆಂಪಿಯರ್ ಒಂದನ್ನೇ ನೋಡಿ ಕೊಳ್ಳುವುದು ಅರ್ಧ ವ್ಯಾಪಾರ. ಫ್ಯೂಸಿನ ಮೇಲೆ ವೋಲ್ಟೇಜೂ ಬರೆದಿರುತ್ತದೆ. ವಾಹನದ ಹೆಚ್ಚಿನ ಫ್ಯೂಸ್‌ಗಳು 32 ವೋಲ್ಟ್ ಡಿಸಿಯವು. 12 ವೋಲ್ಟಿನ ವಾಹನಕ್ಕೂ 24 ವೋಲ್ಟಿನ ಲಾರಿಗೂ ಇವು ಸಾಕು. ಆದರೆ 48 ವೋಲ್ಟಿನ ಇ-ರಿಕ್ಷಾ ಅಥವಾ ಸರಕು ಗಾಡಿಗೆ ಸಲ್ಲವು. ಅಲ್ಲಿ ಚಾರ್ಜಿಂಗ್ ಸಮಯದಲ್ಲಿ ವೋಲ್ಟೇಜ್ 57-58ರ ಹತ್ತಿರ ಹೋಗುತ್ತದೆ. ಕಡಿಮೆ ವೋಲ್ಟಿನ ಫ್ಯೂಸ್ ಕರಗಿದರೂ ಅದರೊಳಗಿನ ಕಿಡಿ ಆರದೆ ಉರಿಯುತ್ತಲೇ ಇರಬಹುದು. ಇ-ರಿಕ್ಷಾ ಜೋಡಿಸುವ ಸದಸ್ಯರು 70 ಅಥವಾ 80 ವೋಲ್ಟ್ ಡಿಸಿ ಎಂದು ನಮೂದಿಸಿರುವ ಫ್ಯೂಸ್‌ಗಳನ್ನೇ ತರಿಸತಕ್ಕದ್ದು.

ಇದೇ ಕಾರಣಕ್ಕೆ ಮನೆಯ ಎಂಸಿಬಿ, ಕಿಟ್‌ಕ್ಯಾಟ್ ಫ್ಯೂಸ್‌ಗಳನ್ನು ವಾಹನಕ್ಕೆ ಹಾಕುವುದು ಸಲ್ಲದು. ‘240 ವೋಲ್ಟ್ ತಾಳುವುದು 12 ವೋಲ್ಟ್ ತಾಳದೇ?’ ಎಂಬ ವಾದ ಕೇಳಲು ಸೊಗಸಾಗಿದೆ. ಮನೆಯ ಎಸಿ ವಿದ್ಯುತ್ ಸೆಕೆಂಡಿಗೆ 100 ಬಾರಿ ಸೊನ್ನೆಗೆ ಇಳಿಯುವುದರಿಂದ ಕಿಡಿ ತಾನಾಗಿ ಆರಲು ಅವಕಾಶವಿದೆ. ಬ್ಯಾಟರಿಯ ಡಿಸಿ ವಿದ್ಯುತ್ತಿಗೆ ಆ ಬಿಡುವಿಲ್ಲ. ನಮ್ಮ ಕಾರ್ಖಾನೆಗಳ ಬೋರ್ಡಿನಲ್ಲಿರುವ ಎಚ್‌ಆರ್‌ಸಿ ಫ್ಯೂಸ್‌ಗಳನ್ನೂ, ಮೈಮೇಲೆ ಡಿಸಿ ಮೌಲ್ಯ ಬರೆದಿಲ್ಲದಿದ್ದರೆ, ಬಳಸಬಾರದು.

ಮೂರನೆಯ ಅಂಕಿ ಛೇದನ ಸಾಮರ್ಥ್ಯ. ಅಂದರೆ ಎಷ್ಟು ದೊಡ್ಡ ಶಾರ್ಟ್ ಸರ್ಕ್ಯೂಟ್ ಪ್ರವಾಹವನ್ನು ಫ್ಯೂಸ್ ಸಿಡಿಯದೆ ಕಡಿಯಬಲ್ಲದು ಎಂಬುದು. ಸಾಮಾನ್ಯ ಬ್ಲೇಡ್ ಫ್ಯೂಸಿಗೆ ಇದು 1,000 ಆಂಪಿಯರ್, ಮೆಗಾದಲ್ಲಿ 2,000ದ ಆಸುಪಾಸು. 5 ಮಿಲಿಓಮ್ ಆಂತರಿಕ ರೋಧವಿರುವ 12 ವೋಲ್ಟಿನ ಸೀಸದ ಬ್ಯಾಟರಿಯ ಎರಡು ಕಂಬಗಳನ್ನು ನೇರವಾಗಿ ಕೂಡಿಸಿದರೆ 2,400 ಆಂಪಿಯರ್ ಹರಿಯುತ್ತದೆ. ಕೇಬಲಿನ ರೋಧವೂ ಸೇರಿದರೆ ಅದು ಇನ್ನಷ್ಟು ತಗ್ಗುತ್ತದೆ. ಒಂದೇ ಬ್ಯಾಟರಿಯ ವಾಹನಕ್ಕೆ ಮೆಗಾ ಸಾಕಾಗುವುದು ಹೀಗೆ. ಎರಡು ಮೂರು ಬ್ಯಾಟರಿಗಳನ್ನು ಸಮಾನಾಂತರವಾಗಿ ಜೋಡಿಸಿದಾಗ, ಅಥವಾ ಲಿಥಿಯಂ ಬ್ಯಾಟರಿಯಿದ್ದಾಗ ಈ ಮಾತು ನಿಲ್ಲದು. ಲಿಥಿಯಂನ ಆಂತರಿಕ ರೋಧ ಬಹಳ ಕಡಿಮೆ; ಶಾರ್ಟ್ ಆದರೆ ಹಲವು ಸಾವಿರ ಆಂಪಿಯರ್. ಅಲ್ಲಿಗೆ 20,000 ಆಂಪಿಯರ್ ಕಡಿಯಬಲ್ಲ ಕ್ಲಾಸ್ ಟಿ ಮಾದರಿಯ ಫ್ಯೂಸ್ ಬೇಕು. ಬೆಲೆ ಹೆಚ್ಚೆಂಬುದು ನಿಜ, ಆದರೆ ಅದು ಲಿಥಿಯಂ ಬ್ಯಾಟರಿಯ ಬೆಲೆಯ ಒಂದು ಸಣ್ಣ ಅಂಶ.

200 ಸಿಗಲಿಲ್ಲವೆಂದು 100ರ ಎರಡು ಫ್ಯೂಸ್‌ಗಳನ್ನು ಜೊತೆಯಾಗಿ ಹಾಕುವ ಪದ್ಧತಿಯೂ ಕೆಲವೆಡೆ ಇದೆ. ಪ್ರವಾಹ ಎರಡಕ್ಕೂ ಸಮನಾಗಿ ಹಂಚಿಕೆಯಾಗುವ ಭರವಸೆಯಿಲ್ಲ. ಬೇಡ.

ಹೋಲ್ಡರ್ ಎಂಬ ಮರೆತ ಬಾಬ್ತು

ಒಳ್ಳೆಯ ಫ್ಯೂಸಿಗಾಗಿ ಅಂಗಡಿ ಅಂಗಡಿ ಸುತ್ತುವವರು ಹೋಲ್ಡರನ್ನು ಮಾತ್ರ ಕೈಗೆ ಸಿಕ್ಕಿದ್ದನ್ನು ಕೊಳ್ಳುತ್ತಾರೆ. ನಾನು ನೋಡಿದ ಕಡತಗಳ ಮಟ್ಟಿಗೆ ಹೇಳುವುದಾದರೆ ಬೆಂಕಿಯ ಮೂಲ ಹೆಚ್ಚಾಗಿ ಇಲ್ಲೇ.

ನಮ್ಮ ಕಕ್ಷಿದಾರರೊಬ್ಬರದು ನಿವೇಶನಕ್ಕೇ ಹೋಗಿ ಗ್ರಾನೈಟ್ ಕತ್ತರಿಸಿ ಕೂರಿಸಿಕೊಡುವ ವ್ಯವಹಾರ. ಅವರ ಟೆಂಪೋದ ಆಸನದ ಹಿಂದೆ ಇನ್ವರ್ಟರ್ ಇತ್ತು; ತಂತಿಯೂ ದಪ್ಪನೆಯದೇ, 250 ಆಂಪಿಯರ್ ಫ್ಯೂಸೂ ಇತ್ತು. ಒಂದು ಮಧ್ಯಾಹ್ನ ಕೆಲಸದ ನಡುವೆ ಆಸನದ ಹಿಂದಿನಿಂದ ಹೊಗೆ ಬಂದಿತು. ಬ್ಯಾಟರಿಯ ಸಂಪರ್ಕ ಕೀಳಲು ಕೈಹಾಕಿದ ಚಾಲಕನ ಅಂಗೈ ಸುಟ್ಟಿತು. ಆಸನದ ಫೋಮ್ ಹತ್ತಿಕೊಂಡು ಕ್ಯಾಬಿನ್ ಪೂರ್ತಿ ಹೋಯಿತು. ಸರ್ವೇಯರ್ ಅವಶೇಷಗಳನ್ನು ಬಿಡಿಸಿ ನೋಡಿದಾಗ ಫ್ಯೂಸಿನ ಲೋಹದ ಪಟ್ಟಿ ಅಖಂಡವಾಗಿತ್ತು. ಸುಟ್ಟು ಕರಗಿದ್ದದ್ದು ಅದನ್ನು ಹಿಡಿದಿದ್ದ ಹೋಲ್ಡರ್. ಒಂದು ಬದಿಯ ಸಣ್ಣ ಸ್ಕ್ರೂ ಸಡಿಲವಾಗಿತ್ತು.

ಫ್ಯೂಸ್ ಏಕೆ ಕರಗಲಿಲ್ಲ? ಪ್ರವಾಹ ಮಿತಿ ಮೀರಲೇ ಇಲ್ಲ. ಸಡಿಲವಾದ ಸಂಧಿಯಲ್ಲಿ ಕೇವಲ 1 ಮಿಲಿಓಮ್ ರೋಧ ಹುಟ್ಟಿದರೂ, 150 ಆಂಪಿಯರ್ ಹರಿದಾಗ ಅಲ್ಲಿ 22.5 ವ್ಯಾಟ್ ಶಾಖ ಏಳುತ್ತದೆ: 150ರ ವರ್ಗ 22,500, ಅದನ್ನು 0.001ರಿಂದ ಗುಣಿಸಿದರೆ ಬರುವ ಮೊತ್ತ. ರೇಡಿಯೋ ರಿಪೇರಿ ಅಂಗಡಿಯ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅಂತಹ ಕಾದ ಕಬ್ಬಿಣವನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿ ಆಸನದ ಹಿಂದೆ ಇಟ್ಟಂತಾಯಿತು. ಶಾಖದಿಂದ ಸಂಧಿ ಇನ್ನಷ್ಟು ಕಪ್ಪಾಗಿ ಸಡಿಲವಾಗುತ್ತದೆ, ರೋಧ ಏರುತ್ತದೆ, ಶಾಖವೂ ಏರುತ್ತದೆ; ಚಕ್ರಬಡ್ಡಿಯಂತೆ.

ಹೋಲ್ಡರ್ ಕೊಳ್ಳುವಾಗ ನೋಡಬೇಕಾದುದು ಇಷ್ಟು. ತಂತಿಯ ತುದಿಯನ್ನು ಸಣ್ಣ ಸ್ಕ್ರೂವಿನಿಂದ ಒತ್ತಿ ಹಿಡಿಯುವ, ಚಿನ್ನದ ಬಣ್ಣದ, ಪಾರದರ್ಶಕ ಡಬ್ಬಿಯ ಹೋಲ್ಡರ್‌ಗಳು ಕಾರಿನ ಸಂಗೀತದ ಅಂಗಡಿಗಳಲ್ಲಿ ಹೇರಳ. ಕಂಪನವಿರುವ ಸರಕು ವಾಹನಕ್ಕೆ ಅವು ತಕ್ಕುದಲ್ಲ. ಕೇಬಲಿನ ಲಗ್ಗನ್ನು ಬೋಲ್ಟಿನಿಂದ ಬಿಗಿಯುವಂಥದ್ದೇ ಬೇಕು. ಅದರ ತಳ ಗಾಜಿನ ನಾರು ಬೆರೆತ ನೈಲಾನ್ ಅಥವಾ ಅಂತಹುದೇ ಶಾಖ ತಾಳುವ ವಸ್ತುವಿನದಾಗಿರಲಿ. ಯುಎಲ್ 94 ವಿ-0 ದರ್ಜೆಯೆಂದರೆ ಜ್ವಾಲೆ ಹಿಡಿದರೂ ತಾನೇ ಬೇಗ ಆರುವ ಪ್ಲಾಸ್ಟಿಕ್ ಎಂದರ್ಥ. ಪ್ಲಾಸ್ಟಿಕ್ ಅಚ್ಚಿನ ಘಟಕ ನಡೆಸುವ ನಮ್ಮ ಸದಸ್ಯರು ಇದನ್ನು ಗಮನಿಸಬೇಕು. ಮರುಬಳಕೆಯ ಹರಳಿನಿಂದ ಅಗ್ಗದ ಹೋಲ್ಡರ್ ಮಾಡಿ ಮಾರುವವರೊಡನೆ ಸ್ಪರ್ಧಿಸುವ ಬದಲು, ದರ್ಜೆಯ ಪ್ರಮಾಣಪತ್ರವುಳ್ಳ ಕಚ್ಚಾವಸ್ತು ಬಳಸಿ ಅದನ್ನು ಬಿಲ್ಲಿನಲ್ಲೇ ನಮೂದಿಸಿದರೆ ಬಾಡಿ ಕಟ್ಟುವವರಲ್ಲಿ ಅದಕ್ಕೆ ಗಿರಾಕಿಗಳಿದ್ದಾರೆ. ಹೋಲ್ಡರಿಗೂ ಸ್ವಂತ ಆಂಪಿಯರ್ ಮಿತಿಯಿದೆಯೆಂಬುದನ್ನು ಮರೆಯಬಾರದು. 100 ಆಂಪಿಯರ್ ಹೋಲ್ಡರಿನಲ್ಲಿ 200ರ ಫ್ಯೂಸ್ ಕೂರುತ್ತದೆ ಎಂದ ಮಾತ್ರಕ್ಕೆ ಕೂರಿಸಬಹುದೆಂದಲ್ಲ.

ಜೋಡಣೆಯಲ್ಲಿ ಲಗ್ ಮತ್ತು ಫ್ಯೂಸಿನ ಪಟ್ಟಿ ನೇರವಾಗಿ ಒಂದಕ್ಕೊಂದು ಅಂಟಿರಬೇಕು. ನಡುವೆ ಉಕ್ಕಿನ ವಾಷರ್ ಬಂದರೆ ಪ್ರವಾಹವೆಲ್ಲ ಆ ವಾಷರಿನ ಮೂಲಕವೇ ಹೋಗಬೇಕಾಗುತ್ತದೆ. ವಾಷರಿನ ಜಾಗ ನಟ್ಟಿನ ಕೆಳಗೆ. ಲಗ್ಗನ್ನು ಸುತ್ತಿಗೆಯಿಂದ ಚಪ್ಪಟೆ ಮಾಡದೆ ಹೈಡ್ರಾಲಿಕ್ ಕ್ರಿಂಪಿಂಗ್ ಯಂತ್ರದಿಂದ ಒತ್ತಿಸಬೇಕು. ಬೆಸುಗೆಯೊಂದನ್ನೇ ನೆಚ್ಚುವುದೂ ಸರಿಯಲ್ಲ, ಸೀಸ-ತವರದ ಬೆಸುಗೆ 183 ಡಿಗ್ರಿಯಲ್ಲೇ ಕರಗುತ್ತದೆ. ನಟ್ಟನ್ನು ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರಿನಿಂದ ಬಿಗಿದು, ಹದಿನೈದು ದಿನ ಓಡಿಸಿದ ಮೇಲೆ ಮತ್ತೊಮ್ಮೆ ನೋಡಬೇಕು.

ಸಂಧಿಯ ಆರೋಗ್ಯ ತಿಳಿಯಲು ಸಾಧಾರಣ ಮಲ್ಟಿಮೀಟರ್ ಸಾಕು. ಪೂರ್ಣ ಹೊರೆ ನಡೆಯುತ್ತಿರುವಾಗ ಹೋಲ್ಡರಿನ ಎರಡು ಬದಿಯ ಲಗ್ಗುಗಳ ನಡುವಿನ ಮಿಲಿವೋಲ್ಟನ್ನು ಅಳೆದು, ಹೊಸದಿದ್ದಾಗಿನ ಅಂಕಿಯನ್ನು ವಾಹನದ ಪುಸ್ತಕದಲ್ಲಿ ಬರೆದಿಡಬೇಕು. ಮೂರು ತಿಂಗಳಿಗೊಮ್ಮೆ ಅದೇ ಹೊರೆಯಲ್ಲಿ ಮತ್ತೆ ಅಳೆದು ಹೋಲಿಸಬೇಕು. ಆ ಅಂಕಿ ಒಂದೂವರೆ ಪಟ್ಟಾಗಿದ್ದರೆ ಬಿಚ್ಚಿ, ಶುಚಿಗೊಳಿಸಿ, ಮರುಬಿಗಿಯುವ ಕಾಲ ಬಂದಿತೆಂದು ತಿಳಿಯಬೇಕು. ಲೆಕ್ಕಪತ್ರಗಳಲ್ಲಿ ನಾವು ಹಿಂದಿನ ವರ್ಷದ ಅಂಕಣವನ್ನು ಪಕ್ಕದಲ್ಲೇ ಅಚ್ಚು ಹಾಕುವುದು ಇದೇ ಉದ್ದೇಶಕ್ಕೆ.

ಎಲ್ಲಿ ಕೂರಿಸಬೇಕು

ಬ್ಯಾಟರಿಯಿಂದ ಫ್ಯೂಸಿನವರೆಗಿನ ತಂತಿಗೆ ಯಾವ ರಕ್ಷಣೆಯೂ ಇಲ್ಲ. ಆ ತುಂಡು ಎಷ್ಟು ಗಿಡ್ಡವಿದ್ದರೆ ಅಷ್ಟು ಕ್ಷೇಮ. ಅಮೆರಿಕದಲ್ಲಿ ದೋಣಿಗಳಿಗಾಗಿ ಎಬಿವೈಸಿ ಸಂಸ್ಥೆ ರೂಪಿಸಿರುವ ಮಾನದಂಡ ಇದಕ್ಕೆ ಸಾಮಾನ್ಯವಾಗಿ 7 ಅಂಗುಲದ ಮಿತಿ ಹಾಕಿದೆ. ನೆಲದ ಮೇಲಿನ ವಾಹನಕ್ಕೂ ಅದು ಒಳ್ಳೆಯ ಅಳತೆಯೇ. ಫ್ಯೂಸನ್ನು ಇನ್ವರ್ಟರಿನ ಪಕ್ಕದಲ್ಲಿ, ಅಂದರೆ ತಂತಿಯ ಆ ತುದಿಯಲ್ಲಿ ಹಾಕಿಸಿದವರು ತಮ್ಮ ಮೂರು ಮೀಟರ್ ಕೇಬಲನ್ನು ಪೂರ್ತಿ ಅನಾಥವಾಗಿ ಬಿಟ್ಟಂತೆ. ಹಾಗೆಂದು ಬ್ಯಾಟರಿಯ ಮುಚ್ಚಿದ ಪೆಟ್ಟಿಗೆಯೊಳಗೇ ತೆರೆದ ಫ್ಯೂಸ್ ಇಡುವಂತಿಲ್ಲ. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಬಿಡುವ ಜಲಜನಕಕ್ಕೆ ಒಂದು ಕಿಡಿ ಸಾಕು.

ವಾಹನದಲ್ಲಿ ಎರಡನೆಯ ಬ್ಯಾಟರಿ ಇದ್ದರೆ, ಎರಡನ್ನೂ ಕೂಡಿಸುವ ಕೇಬಲಿಗೆ ಎರಡೂ ತುದಿಗಳಿಂದ ವಿದ್ಯುತ್ ನುಗ್ಗಬಲ್ಲದು. ಆದುದರಿಂದ ಎರಡೂ ತುದಿಗಳಲ್ಲಿ ಫ್ಯೂಸ್ ಬೇಕು. ಒಂದೇ ಫ್ಯೂಸ್ ಹಾಕಿ ನಿಶ್ಚಿಂತರಾದ ಪ್ರಕರಣಗಳು ಬಹಳ. ಅರ್ತ್ ಕೇಬಲೂ ಧನ ಕೇಬಲಿನಷ್ಟೇ ದಪ್ಪವಿರಬೇಕು, ಬಣ್ಣ ಕೆರೆದ ಲೋಹದ ಮೇಲೆ ಕೂರಬೇಕು. ಸ್ಟಾರ್ಟರಿನ ಕೇಬಲಿಗೆ ಮಾತ್ರ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ಅದನ್ನು ಕಂಪನಿಯವರು ಬಿಟ್ಟ ಹಾಗೆಯೇ ಬಿಡಬೇಕು, ಹೊಸ ಉಪಕರಣದ ತಂತಿಯನ್ನು ಅದಕ್ಕೆ ಪೋಣಿಸಬಾರದು.

ಖರೀದಿ, ಬಿಲ್ಲು, ವಿಮೆ

ಕೇಬಲ್ ಕೊಳ್ಳುವಾಗ ‘ಗೇಜ್’ ಎಂಬ ಮಾತನ್ನು ಕೈಬಿಡುವುದು ಮೇಲು. ಅಮೆರಿಕನ್ ಗೇಜಿನ 8 ಎಂದರೆ ಸುಮಾರು 8.4 ಚದರ ಮಿ.ಮೀ.; ಬ್ರಿಟಿಷ್ ಎಸ್‌ಡಬ್ಲ್ಯುಜಿಯ 8 ಎಂದರೆ ಸುಮಾರು 13. ಮಾರುವವರು ಒಂದನ್ನು, ಕೊಳ್ಳುವವರು ಇನ್ನೊಂದನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ತಾಮ್ರದ ಲೇಪ ಹಾಕಿದ ಅಲ್ಯೂಮಿನಿಯಂ ತಂತಿಯೂ ‘ಸಿಸಿಎ’ ಎಂಬ ಹೆಸರಿನಲ್ಲಿ ಮಾರುಕಟ್ಟೆಯಲ್ಲಿದೆ. ಅದರ ವಾಹಕತೆ ಶುದ್ಧ ತಾಮ್ರಕ್ಕಿಂತ ಬಹಳ ಕಡಿಮೆ. ಎಳೆಯೊಂದನ್ನು ಚಾಕುವಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ, ಕೈಗೂ ಹಗುರ. ತವರ ಲೇಪಿಸಿದ ತಾಮ್ರವೂ ಮೇಲೆ ಬೆಳ್ಳಗಿರುವುದರಿಂದ, ನೋಡಬೇಕಾದದ್ದು ಕೆರೆದ ಮೇಲಿನ ಒಳಬಣ್ಣ.

ಬಿಲ್ಲಿನಲ್ಲಿ ‘ಎಲೆಕ್ಟ್ರಿಕಲ್ ಸಾಮಾನು’ ಎಂದಿರಬಾರದು. ಫ್ಯೂಸಿನ ಮಾದರಿ, ಆಂಪಿಯರ್, ವೋಲ್ಟ್ ಡಿಸಿ, ತಯಾರಕರ ಹೆಸರು, ಕೇಬಲಿನ ಚದರ ಮಿ.ಮೀ. ಮತ್ತು ‘ತಾಮ್ರ’ ಎಂಬ ಪದ ಇಷ್ಟೂ ಇರಲಿ. ಫ್ಯೂಸ್‌ಗಳು ಜಿಎಸ್‌ಟಿಯ ಎಚ್‌ಎಸ್‌ಎನ್ 8536ರಡಿ ಬರುತ್ತವೆ. ಬಿಲ್ಲಿನಲ್ಲಿ ಬೇರೇನೋ ಸಂಖ್ಯೆ ಕಂಡರೆ ಸರಕಿನ ಬಗೆಗೂ ಒಂದು ಪ್ರಶ್ನೆ ಕೇಳುವುದು ಒಳ್ಳೆಯದು.

ವಿಮೆಯ ವಿಷಯಕ್ಕೆ ಬಂದರೆ, ಮೋಟಾರು ವಾಹನದ ಪ್ಯಾಕೇಜ್ ಪಾಲಿಸಿಯಲ್ಲಿ ಬೆಂಕಿ, ಸ್ಫೋಟ, ಸ್ವಯಂ ಜ್ವಲನಗಳಿಂದಾದ ಹಾನಿಗೆ ರಕ್ಷಣೆಯಿದೆ. ವಿದ್ಯುತ್ ಅಥವಾ ಯಾಂತ್ರಿಕ ಕೆಟ್ಟುಹೋಗುವಿಕೆ, ಸವೆತ ಮತ್ತು ಪರಿಣಾಮಜನ್ಯ ನಷ್ಟಗಳಿಗೆ ಇಲ್ಲ. ಮೇಲೆ ಹೇಳಿದ ಗ್ರಾನೈಟ್ ವ್ಯವಹಾರಸ್ಥರ ಪ್ರಕರಣದಲ್ಲಿ ಕ್ಯಾಬಿನ್ನಿನ ಹಾನಿಗೆ ಹಣ ಬಂದಿತು, ಆದರೆ ಪ್ಲಾಸ್ಟಿಕ್ ಮತ್ತು ರಬ್ಬರಿನ ಭಾಗಗಳಿಗೆ ಶೇ. 50 ಸವಕಳಿ ಕಳೆದು. ಇನ್ವರ್ಟರಿಗೆ ಏನೂ ಬರಲಿಲ್ಲ. ಕಂಪನಿಯ ಮಾರಾಟ ಬೆಲೆಯಲ್ಲಿ ಸೇರದ ವಿದ್ಯುತ್ ಉಪಕರಣಗಳನ್ನು ಐಎಂಟಿ 24 ಎಂಬ ಹಿಂಬರಹದ ಮೂಲಕ ಮೌಲ್ಯ ಹೇಳಿ, ಹೆಚ್ಚುವರಿ ಪ್ರೀಮಿಯಂ ತೆತ್ತು ಸೇರಿಸಬೇಕು; ಅವರದನ್ನು ಸೇರಿಸಿರಲಿಲ್ಲ. ವಾಹನ ನಿಂತಿದ್ದ ಆರು ವಾರಗಳ ಆದಾಯ ಪರಿಣಾಮಜನ್ಯ ನಷ್ಟವೆಂದು ಹೊರಗುಳಿಯಿತು. ಆ ಆರು ವಾರಗಳಲ್ಲಿ ಎರಡು ಗುತ್ತಿಗೆಗಳು ಬೇರೆಯವರ ಪಾಲಾದವು. ಉಳಿಸಿದ್ದು ಒಂದು ಹೋಲ್ಡರಿನ ಬೆಲೆಯಲ್ಲಿ ಕೆಲವು ನೂರು ರೂಪಾಯಿ.

ಕಾನೂನಿನ ಕಡೆಯೂ ನೋಡಬೇಕಾಗುತ್ತದೆ. ಮೋಟಾರು ವಾಹನಗಳ ಕಾಯ್ದೆ, 1988ರ 52ನೆಯ ಕಲಮು ನೋಂದಣಿ ವಿವರಗಳಿಗೆ ವ್ಯತ್ಯಾಸವಾಗುವಂತಹ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಂತೆ, ಅನುಮತಿಯಿಲ್ಲದೆ ಮಾರ್ಪಾಡು ಮಾಡಿದ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ಶೀತಲ ಪೆಟ್ಟಿಗೆ, ಎತ್ತುವ ಹಲಗೆಗಳಂಥ ದೊಡ್ಡ ಅಳವಡಿಕೆಗೆ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಅಗತ್ಯವಿದ್ದರೆ ನೋಂದಣಿ ಪತ್ರದಲ್ಲಿ ನಮೂದಿಸಿಕೊಳ್ಳಬೇಕು. ವಾರಂಟಿಯಲ್ಲಿರುವ ವಾಹನವಾದರೆ ಅಧಿಕೃತ ಮಾರಾಟಗಾರರಿಂದ ಲಿಖಿತ ಒಪ್ಪಿಗೆ ಪಡೆದಿರುವುದು ಉಚಿತ.

ಪಾಲಿಸಿ ನವೀಕರಣದ ತಿಂಗಳಿನಲ್ಲಿ ಪ್ರತಿ ವಾಹನಕ್ಕೂ ಒಂದು ತೆಳು ಕಡತ ಸಿದ್ಧಪಡಿಸಿಕೊಳ್ಳಿ. ಅದರಲ್ಲಿ ಅಳವಡಿಸಿದ ಉಪಕರಣಗಳ ಬಿಲ್ಲು, ಮುಚ್ಚಳ ತೆಗೆದ ಹೋಲ್ಡರಿನ ಫೋಟೋ, ಮಿಲಿವೋಲ್ಟ್ ಅಳತೆಯ ಹಾಳೆ, ಎಲೆಕ್ಟ್ರಿಷಿಯನ್ನರ ಸಹಿ ಇರುವ ತಂತಿ ನಕ್ಷೆ ಇವಿಷ್ಟಿರಲಿ. ಅದರ ಒಂದು ಪ್ರತಿಯನ್ನು ವಿಮಾ ಕಚೇರಿಗೆ ಕೊಟ್ಟು ಸ್ವೀಕೃತಿ ಮೊಹರು ಪಡೆಯಿರಿ. ಅದೇ ಮೌಲ್ಯದ ಎರಡು ಬಿಡಿ ಫ್ಯೂಸ್‌ಗಳನ್ನು ಚೀಟಿ ಅಂಟಿಸಿ ಚಾಲಕನ ಬಳಿ ಇಡಿಸಿ. ಎರಡನೆಯದೂ ಕರಗಿದರೆ ಮೂರನೆಯದನ್ನು ಹುಡುಕದೆ ವಾಹನ ನಿಲ್ಲಿಸಿ ಫೋನ್ ಮಾಡಬೇಕೆಂದು ಆ ಚೀಟಿಯ ಮೇಲೆಯೇ ಬರೆದಿರಲಿ.